ಮರದ ಸಕ್ಕರೆ ಬಲ್ಲ ಅಮರೇಶಪ್ಪ

ಮೆಹದಿಪಟ್ಟಣದ ಕಾಲೊನಿಯಲ್ಲಿ ಅಮರೇಶಪ್ಪನವರು ಕೊರೆಯದೆ ಬಿಟ್ಟ ಮರವಿಲ್ಲ. ಮರಗಳ ಸಂಶೋಧನೆಯ ಸರ್ಕಾರಿ ನೌಕರಿ ಮುಗಿದರೂ ಮರ ಕೊರೆಯುವ ಟೊಳ್ಳು ಬೈರಿಗೆ ಮಾತ್ರ ಕೈಬಿಟ್ಟಿಲ್ಲ. ಮನೆಮುಂದಿನ ಬೇವಿನ ಕಾಂಡಕ್ಕೆ ಅದನ್ನು ತಿರುವಿ, ಗೇಣುದ್ದದ ಕಡ್ಡಿಯಂಥ ಕಟ್ಟಿಗೆ ಹೊರಗೆಳೆದು, ದಾರಿಯಲ್ಲಿ ಹೋಗುವ ಹಾಲಿನವನನ್ನು ಹಿಡಿದು ನಿಲ್ಲಿಸುತ್ತಾರೆ. "ನೋಡಪಾ, ತೊಗಟಿ ಹತ್ತಿರದ ಈ ಬಿಳೇ ಕಟಿಗ್ಯಾಗ ಸಕ್ರಿ, ಪಿಷ್ಟ ಎಲ್ಲಾ ಐತಿ. ಒಳಗ ಹೋದಂಗ ಕಡಿಮಿ. ನಟ್ಟನಡುವ ಏನೂ ಇಲ್ಲ!" ಅವನು "ಅಚ್ಛಾ ಸಾಬ್" ಎನ್ನುವಷ್ಟರಲ್ಲಿ ಕ್ಯಾನಿನ ಹಾಲು ಒಡೆದಿರುತ್ತದೆ. ಎಲೆ ಉದುರುವ ಮುಂಚೆ ಎಷ್ಟು ಸಕ್ಕರೆ, ಚಿಗುರಿದ ಮೇಲೆ ಎಷ್ಟು, ಎಲ್ಲ ಬಾಯಿಪಾಠ. ಮನೆಗೆಲಸವೆಂದರೆ ಪಂಪ್ ಸ್ಟವ್ ಮೇಲೆ ಚಹಾ ಕಾಸುವುದೊಂದೇ. ಅದನ್ನೂ ಓಣಿಗೆಲ್ಲ ಸಾರಿಕೊಂಡು ಬರುತ್ತಾರೆ. ಮೊನ್ನೆ ಹೆಂಡತಿ ಪಾರ್ವತಿಬಾಯಿ ಆಸ್ಪತ್ರೆಯಿಂದ ಬಂದವರು ಸಣ್ಣ ದನಿಯಲ್ಲಿ, "ಏನ್ರಿ, ನನ್ನ ರಕ್ತದಾಗ ಸಕ್ರಿ ಭಾಳ ಏರೇತಂತ. ಹಿಂಗ ಬಿಟ್ರ ಕಣ್ಣು ಹೋಗ್ತಾವಂತ" ಎಂದರು. ಅಮರೇಶಪ್ಪನವರು ಕಟ್ಟಿಗೆಯಿಂದ ಕಣ್ಣು ಕೀಳದೆ, "ಹೆದರಬ್ಯಾಡ, ಮರಾನೂ ಕಷ್ಟಕಾಲಕ್ಕಂತ ಹಿಂಗ ಕೂಡಿಡತೈತಿ" ಎಂದು ಸಮಾಧಾನ ಹೇಳಿ, ಅಕ್ಕರೆಯಿಂದ ಅವರ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕೊಟ್ಟರು. ಪಾರ್ವತಿಬಾಯಿ ಕಪ್ಪು ಹಿಡಿದು ಅಂಗಳಕ್ಕಿಳಿದು, ಚಹಾವನ್ನೆಲ್ಲ ಬೇವಿನ ಬುಡಕ್ಕೆ ಸುರಿದು, "ಈಗ ಕೊರದ ನೋಡ್ರಿ" ಎಂದರು.