ಕಡಲನ್ನೂ ನಂಬದ ಅತ್ತಿ

ಏನನ್ನಾದರೂ ನೋಡುವಾಗ ನಮ್ಮ ಅತ್ತಿಯ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಹಣೆಯ ಮೇಲಿನ ಹಚ್ಚೆಯ ಮೂರು ಹಸಿರು ಚುಕ್ಕಿಗಳು ಒಂದರ ಹತ್ತಿರ ಒಂದು ಸರಿಯುತ್ತಿದ್ದವು. ಆಗ ಎದುರಿಗಿದ್ದವರು ಕಳ್ಳರಲ್ಲದಿದ್ದರೂ ಒಮ್ಮೆ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆಕೆ ನನ್ನ ಅಪ್ಪನ ಅಕ್ಕ. ಅಪ್ಪ ಮತ್ತು ಆಕೆ ಹುಟ್ಟಿದ್ದು ಅಫಜಲಪುರ ಕಡೆ, ಭೀಮಾ ನದಿಯ ದಂಡೆಯ ಊರಿನಲ್ಲಿ. ಆಕೆ ಮದುವೆಯಾಗಿ ಬಂದದ್ದು ನಿಂಬರ್ಗಾಕ್ಕೆ. ಅಪ್ಪನೂ ಮುಂದೆ ಅಲ್ಲೇ ಬಂದು ನೆಲೆನಿಂತದ್ದರಿಂದ ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ತೊಗರಿ ಹೊಲದಲ್ಲಿ ಮೈಮುರಿದು ದುಡಿಯುತ್ತಿದ್ದಳು, ಯಾರ ಗೊಡವೆಗೂ ಹೋಗುತ್ತಿರಲಿಲ್ಲ, ಆದರೆ ಯಾರನ್ನೂ ನಂಬುತ್ತಲೂ ಇರಲಿಲ್ಲ. ಬಸ್ಸಿನ ಬೋರ್ಡನ್ನು ನನ್ನಿಂದ ಓದಿಸಿ, ಕಂಡಕ್ಟರನನ್ನು ಕೇಳಿ, ಹತ್ತಿದ ಮೇಲೆ ಪಕ್ಕದವರನ್ನು ಮತ್ತೆ ಕೇಳುತ್ತಿದ್ದಳು. ಒಮ್ಮೆ ಆಳಂದದಲ್ಲಿ ಡಾಕ್ಟರು ಗುಳಿಗೆ ಬರೆದುಕೊಟ್ಟಾಗ, "ನಿಮ್ಗ ಜಡ್ಡ ಬಂದ್ರ ನೀವೂ ಇದನ್ನ ತಗೋತೀರೇನ್ರಿ?" ಎಂದು ಕೇಳಿದ್ದಳು. ಡಾಕ್ಟರು ಪೆನ್ನು ಕೆಳಗಿಟ್ಟು ಹೌದು ಎನ್ನುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. "ನಂಬಿದ ಎಮ್ಮಿ ಕೋಣ ಈಯ್ತು" ಎಂಬುದು ದಿನಕ್ಕೆ ಎರಡು ಸಲವಾದರೂ ಆಕೆಯ ಬಾಯಲ್ಲಿ ಬರುವ ಮಾತು.

ಇಂಥವಳನ್ನು ಸಮುದ್ರ ನೋಡಲು ಕರೆದೊಯ್ದದ್ದು ನನ್ನ ದುರ್ಬುದ್ಧಿ. ಮೂರು ವರ್ಷದ ಹಿಂದಿನ ದಸರಾ ರಜೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಸಮುದ್ರದ ಬಗ್ಗೆ ವರ್ಷವರ್ಷವೂ ಪಾಠ ಮಾಡಿದರೂ ಅದನ್ನು ಒಮ್ಮೆಯೂ ಕಂಡಿರಲಿಲ್ಲ. ನಾನು, ನನ್ನ ಹೆಂಡತಿ ಮತ್ತು ಅತ್ತಿ ಮೂವರೂ ಕುಮಟಾದ ಆಚೆಗಿನ ಒಂದು ಸಣ್ಣ ಹಳ್ಳಿಗೆ ಹೋದೆವು. ಮೀನುಗಾರರೊಬ್ಬರು ತಮ್ಮ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಬಿಟ್ಟಿದ್ದರು. ಅತ್ತಿ ಒಳಗೆ ಕಾಲಿಟ್ಟವಳೇ ಮಂಚದ ಕೆಳಗೆ ಬಗ್ಗಿ ನೋಡಿದಳು. ಮನೆಯೊಡತಿ ಪ್ರೀತಿಯಿಂದ ತಂದ ಕೋಕಂ ಶರಬತ್ತನ್ನು ಬೆಳಕಿಗೆ ಹಿಡಿದು, "ಇಷ್ಟ ಕೆಂಪ ಯಾಕದ?" ಎಂದು ಕೇಳಿ, ಕುಡಿಯದೆ ಇಟ್ಟಳು. ಊರಿನಿಂದ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯಲ್ಲೇ ಮೂರು ದಿನ ಕಳೆದಳು.

ಆ ಮನೆಯ ಯಜಮಾನ ಒಳ್ಳೆಯ ಮನುಷ್ಯ. ದೋಣಿಯಲ್ಲಿ ಕರೆದೊಯ್ದು ಡಾಲ್ಫಿನ್ ತೋರಿಸಿದ. ಎರಡು ಕಪ್ಪು ಬೆನ್ನುಗಳು ನೀರಿನಿಂದೆದ್ದು ಮುಳುಗಿದವು. ಹೆಂಡತಿ ಚಪ್ಪಾಳೆ ತಟ್ಟಿದಳು. ಅತ್ತಿ ನನ್ನ ಕಿವಿಯ ಹತ್ತಿರ ಬಂದು, "ಇವ್ರು ಎರಡ ಮೀನ ಸಾಕ್ಯಾರ ಲೇ. ದಿನಾ ಬಂದ ಮಂದಿಗಿ ಇವನ್ನ ತೋರಸ್ತಾರ" ಎಂದಳು. ಹಿನ್ನೀರಿನಲ್ಲಿ ನಾನೂ ಹೆಂಡತಿಯೂ ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿದೆವು. ಆಕೆ ಆ ಪ್ಲಾಸ್ಟಿಕ್ ತೊಟ್ಟಿಲಲ್ಲಿ ಕೂರಲಾರೆನೆಂದು ದಂಡೆಯುದ್ದಕ್ಕೂ ನಮ್ಮ ಜೊತೆಜೊತೆಗೇ ನಡೆದಳು. ಗುಡ್ಡ ಹತ್ತಿದಾಗ ಮಾತ್ರ ನಮ್ಮಿಬ್ಬರಿಗಿಂತ ಮೊದಲು ತುದಿ ಮುಟ್ಟಿದಳು. ಕೆಳಗೆ ಹರಡಿದ ಅಷ್ಟು ನೀರನ್ನು ಎಡಗಣ್ಣು ಸಣ್ಣ ಮಾಡಿ ನೋಡುತ್ತ ಬಹಳ ಹೊತ್ತು ನಿಂತಳು. "ಆ ದಂಡಿ ಕಾಣಸೂದಿಲ್ಲ. ಕಾಣದ್ದಕ್ಕ ಎಂಥ ಭರೋಸಾ?" ಎಂದಳು.

ಮೂರನೆಯ ದಿನ ಬೆಳಿಗ್ಗೆ ನಾವು ಮೂವರೇ ಗುಡ್ಡದ ಹಿಂದಿನ ಪುಟ್ಟ ಬೀಚಿಗೆ ಹೋದೆವು. ತೆರೆಗಳು ಎದೆಮಟ್ಟ ಎದ್ದು ಬಡಿಯುತ್ತಿದ್ದವು. ಹೆಂಡತಿಗೆ ನೀರಿಗಿಳಿಯುವ ಆಸೆ, ತೆರೆಯ ಅಂಜಿಕೆ. ಆಗ ನನ್ನ ಕಣ್ಣಿಗೆ ಒಂದು ಜಾಗ ಬಿತ್ತು. ಎರಡೂ ಬದಿ ಬಿಳಿ ನೊರೆಯ ಅಬ್ಬರ, ನಡುವೆ ಹತ್ತು ಮಾರು ಅಗಲ ತೆರೆಯೇ ಇಲ್ಲದೆ ನಮ್ಮೂರ ಕೆರೆಯ ಹಾಗೆ ಸುಮ್ಮನಿದ್ದ ನೀರು. ಬಯಲುನಾಡಿನವರ ಬುದ್ಧಿ ನೋಡಿ, ಸದ್ದಿಲ್ಲದ ನೀರು ಸಾಧು ನೀರು ಎಂದುಕೊಂಡೆ.

"ತಡಿ" ಎಂದಳು ಅತ್ತಿ. ಸೆರಗಿನ ಗಂಟು ಬಿಚ್ಚಿ ರೊಟ್ಟಿಯ ಚೂರೊಂದನ್ನು ತೆಗೆದಳು. ಆಕೆಯ ತವರಿನಲ್ಲಿ ಗುರುತಿಲ್ಲದ ನೀರಿಗೆ ಇಳಿಯುವ ಮೊದಲು ಗಂಗವ್ವನಿಗೊಂದು ತುತ್ತು ಹಾಕುತ್ತಾರೆ. ಹಾಕಿ ಕೈಮುಗಿದು ಬಿಡುವುದಿಲ್ಲ, ಅದು ಎತ್ತ ಹೋಗುತ್ತದೆಂದು ನೋಡುತ್ತಾರೆ. "ತುತ್ತ ದಂಡಿಗಿ ಬಂದ್ರ ಇಳೀಬೇಕು. ಒಳಗ ಹ್ವಾದ್ರ ಇಳೀಬಾರ್ದು" ಎಂದು ಆ ಸುಮ್ಮನಿದ್ದ ನೀರಿಗೆ ಎಸೆದಳು. ಚೂರು ಒಂದು ಕ್ಷಣ ತೇಲಿತು. ಆಮೇಲೆ ಯಾರೋ ದಾರ ಕಟ್ಟಿ ಎಳೆದಂತೆ ನೆಟ್ಟಗೆ ಒಳಗೆ ಹೋಯಿತು.

"ಗಂಗವ್ವ ಹಸ್ದಿದ್ಳು, ಲಗೂನ ಉಂಡ್ಳು ಬಿಡು" ಎಂದು ನಾನು ನಕ್ಕೆ. ನಕ್ಕವನು ಮೊಣಕಾಲಿನವರೆಗೆ ಇಳಿದೂ ಬಿಟ್ಟೆ. ಹಿಮ್ಮಡಿಯ ಕೆಳಗಿನ ಮರಳು ಸರಸರ ಜಾರುತ್ತಿತ್ತು. ಗೊತ್ತಾದರೂ ಮಾಸ್ತರಿಕೆಯ ಜಂಬ ಬಿಡಲಿಲ್ಲ. ಹೆಂಡತಿಯ ಕಡೆ ಕೈ ಚಾಚಿ, "ಏನೂ ಆಗಂಗಿಲ್ಲ, ಮೊಣಕಾಲ ಮಟ ನೀರದ, ಬಾ" ಎಂದೆ. ಆಕೆ ನನ್ನ ಕೈ ಹಿಡಿದಳು.

ಅತ್ತಿ ಸೀರೆ ನೆನೆಯುವುದನ್ನೂ ಲೆಕ್ಕಿಸದೆ ನೀರಿಗೆ ನುಗ್ಗಿ ನನ್ನ ಕೆನ್ನೆಗೆ ಬಾರಿಸಿದಳು. ನಲವತ್ತೆರಡು ವರ್ಷದ ಮಾಸ್ತರನಿಗೆ, ಹೆಂಡತಿಯ ಎದುರಿಗೆ! ನಮ್ಮಿಬ್ಬರ ರಟ್ಟೆ ಹಿಡಿದು ದರದರ ಎಳೆದು ದಂಡೆಗೆ ತಂದು ಹಾಕಿದಳು. ಅಷ್ಟರಲ್ಲಿ ಗುಡ್ಡದ ಮೇಲಿಂದ ನಮ್ಮನ್ನು ಕಂಡ ಯಜಮಾನ ಕೂಗುತ್ತ ಓಡಿ ಬಂದ. "ಅಲ್ಲಿ ಇಳೀಬೇಡಿ ಮಾರಾಯ್ರೇ! ತೆರೆ ಒಡೆಯದ ಜಾಗವೇ ನೀರು ವಾಪಸ್ ಹೋಗುವ ದಾರಿ. ಎಂಥ ಈಜುಗಾರನನ್ನೂ ಎಳ್ಕೊಂಡು ಹೋಗ್ತದೆ."

"ಮತ್ತ ಬೋರ್ಡ್ ಯಾಕ ಹಾಕಿಲ್ಲ?" ಎಂದಳು ಅತ್ತಿ.

"ಹಾಕಿದ್ದೆವು ಅಮ್ಮಾ, ಮಳೆಗಾಲದಲ್ಲಿ ಕೊಚ್ಚಿ ಹೋಯ್ತು."

ಅತ್ತಿ ಅದನ್ನು ನಂಬಿದಂತೆ ಕಾಣಲಿಲ್ಲ.

ಜೀವ ಉಳಿದದ್ದಕ್ಕಿಂತ ಕೆನ್ನೆಯ ಉರಿಯೇ ನನಗೆ ದೊಡ್ಡದಾಯಿತು. ಇಡೀ ದಿನ ಮಾತು ಬಿಟ್ಟೆ. ಸಂಜೆ ಜಗಲಿಯಲ್ಲಿ ಕೂತಿದ್ದಾಗ ಅತ್ತಿ ಬಂದು ಪಕ್ಕದಲ್ಲಿ ಕೂತಳು.

"ನಂಗೊಬ್ಬಾಕಿ ತಂಗಿ ಇದ್ಳು. ನಿಮ್ಮಪ್ಪ ಹುಟ್ಟೂಕಿಂತ ಮೊದ್ಲ" ಎಂದಳು. ಹಾಗೊಬ್ಬಳಿದ್ದ ಸುದ್ದಿಯನ್ನೇ ನಾನು ಕೇಳಿರಲಿಲ್ಲ. "ಭೀಮಿಗಿ ಅರಿಬಿ ಒಗ್ಯಾಕ ಹೋಗಿದ್ವಿ. ಅಂಜಾಕಿ ಅಕಿ. ಮೊಣಕಾಲ ಮಟ ನೀರದ, ಏನೂ ಆಗಂಗಿಲ್ಲ ಬಾ ಅಂತ ಕರದ್ರು. ಬಂದ್ಳು. ಮಡುವಿನಾಗ ಹ್ವಾದ್ಳು."

"ಯಾರು ಕರದ್ರು ಅತ್ತಿ?"

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಾನ. ಅವತ್ತ ತುತ್ತ ಹಾಕಿದ್ದಿಲ್ಲ, ಗಡಿಬಿಡಿ ಇತ್ತು. ನನ್ನ ಮಾತಿನ ಮ್ಯಾಲೇ ನಂಗ ಭರೋಸಾ ಇಲ್ಲ ತಮ್ಮಾ. ಮಂದಿ ಮಾತಿನ ಮ್ಯಾಲ ಎಲ್ಲಿಂದ ಬರ್ಬೇಕು?"

ಅಷ್ಟು ವರ್ಷ ಆಕೆಯ ಸಂಶಯವನ್ನು ಊರೆಲ್ಲ ಆಡಿಕೊಂಡು ನಕ್ಕಿದ್ದೆವು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕಿದ್ದೆ. ಆ ಸಂಜೆ ಕತ್ತಲಾಗುವವರೆಗೆ ಆಕೆಯ ಕೈ ಹಿಡಿದುಕೊಂಡು ಕೂತೆ.

ಹೋದ ವರ್ಷ ಅತ್ತಿ ಹಾಸಿಗೆ ಹಿಡಿದಳು. ಕಲಬುರಗಿಯ ಆಸ್ಪತ್ರೆಗೆ ನೋಡಲು ಬಂದವರೆಲ್ಲ, "ನಾಳಿಗಿ ಎದ್ದ ಓಡ್ಯಾಡ್ತಿ ನೋಡು" ಎಂದು ಹೇಳಿ ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ಒಬ್ಬೊಬ್ಬರು ಹೋದಂತೆಲ್ಲ ಆಕೆ ಗೋಡೆಯ ಕಡೆ ಹೊರಳುತ್ತಿದ್ದಳು. ಒಂದು ಮಧ್ಯಾಹ್ನ ನಾನೊಬ್ಬನೇ ಇದ್ದಾಗ ಕೇಳಿದಳು:

"ಲೇ ತಮ್ಮಾ, ನಾ ಉಳೀತೇನೇನ?"

ಸುಳ್ಳು ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ.

"ಗೊತ್ತಿಲ್ಲ ಅತ್ತಿ. ನಂಗೂ ಅಂಜಿಕಿ ಆಗ್ಯಾದ."

ಆಕೆ ನನ್ನ ಮುಖವನ್ನೇ ನೋಡಿದಳು. "ಹಾಂ, ಇದು ಖರೇ ಅದ" ಎಂದಳು. ಹಾಗೆಂದು ನನ್ನ ಕೈಯನ್ನು ತಲೆಯ ಕೆಳಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಮೂರನೆಯ ದಿನ ಹೋದಳು. ಹುಟ್ಟಿದಾಗಿನಿಂದ ನನ್ನನ್ನು ಬಲ್ಲ ಅತ್ತಿ, ನನ್ನ ಮಾತನ್ನು ನಂಬಿದ್ದು ಅದೊಂದೇ ಸಲ.