ದೇವರಿಗೊಂದು ಖೋಲಿ

ನಮ್ಮ ಮಾಲಕನಿಗೆ ಮೂರು ಖೋಲಿ ಎಂದರೆ ಮೈಮೇಲೆ ಚೇಳು ಬಿಟ್ಟಂತೆ. ಸೇಡಂ ರಸ್ತೆಯಲ್ಲಿರುವ ಅವನ ಆಫೀಸಿನಲ್ಲಿ ಅಪಾರ್ಟ್‌ಮೆಂಟುಗಳ ನಕ್ಷೆ ಬರೆಯುವವಳು ನಾನು. ಕೋಟನೂರದ ಕಟ್ಟಡದಲ್ಲಿ ಕೆಲವು ಮನೆಗಳಿಗಾದರೂ ಮಲಗುವ ಖೋಲಿ ಮೂರಿರಲಿ ಎಂದು ಬರೆದುಕೊಟ್ಟೆ. ಅದರಲ್ಲೊಂದನ್ನು ನಾವೇ ಕೊಳ್ಳುವುದಿತ್ತು. ಮೊಣಕಾಲಿನ ಚಿಕಿತ್ಸೆಗೆಂದು ಕಮಲಾಪುರದಿಂದ ಇಲ್ಲಿಗೆ ಓಡಾಡಿ ಬೇಸತ್ತಿದ್ದ ನಮ್ಮ ಅತ್ತೆ ಇನ್ನು ನಮ್ಮ ಜೊತೆಗೇ ಇರಲು ಒಪ್ಪಿದ್ದರು. ಗಂಡಹೆಂಡತಿಗೊಂದು, ದೊಡ್ಡವಳಾದ ಮಗಳಿಗೊಂದು, ಅತ್ತೆಗೊಂದು. ಅರಮನೆಯನ್ನೇನೂ ಕೇಳಿರಲಿಲ್ಲವಲ್ಲ!

ಮಾಲಕ ಮೂರನೆಯದರ ಮೇಲೆ ಪೆನ್ನು ಎಳೆದ. "ಇಷ್ಟ್ ಖೋಲಿ ಯಾರಿಗ್ ಬೇಕ್ರೀ ಮೇಡಂ? ಅರ್ಧಾ ಹಾಲಿಗೆ ಬಿಡ್ರಿ, ಉಳಿದದ್ದರಾಗ ದೇವರ ಖೋಲಿ ಮಾಡ್ರಿ. ಮಂದಿ ಅದನ್ನ ನೋಡೇ ಬುಕ್ ಮಾಡ್ತಾರ."

"ಮನ್ಯಾಗ ಹಿರೇರಿದ್ರ ಎಲ್ಲಿ ಮಲಗಬೇಕ್ರೀ?"

"ಹಾಲಿನ್ಯಾಗ ಒಂದು ದಿವಾನ ಹಾಕಿದ್ರ ಆತು. ವಯಸ್ಸಾದವರಿಗೆ ನಿದ್ದಿ ಎಲ್ಲಿ ಬರ್ತದ?"

ಇವನ ಬಾಯಾಗ ಮಣ್ಣು ಹಾಕ! ಮೈಯೆಲ್ಲ ಉರಿದುಹೋಯಿತು. ಜಾಗವಿತ್ತು, ನಿಯಮ ಒಪ್ಪಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ.

ಆದರೂ ಅವನು ಹೇಳಿದಂತೆಯೇ ನಕ್ಷೆ ತಿದ್ದಿಕೊಟ್ಟೆ; ನಮಗೂ ಮನೆ ಬೇಕೇ ಬೇಕಿತ್ತು. ಗೋಡೆಗಳೆದ್ದ ಮೇಲೆ ಅತ್ತೆಯನ್ನು ತೋರಿಸಲು ಕರೆತಂದೆ. ಅವರು ದಿನವೂ ನಸುಕಿನಲ್ಲಿ ಮಿಂದು, ಬಾಗಿಲು ಹಾಕಿಕೊಂಡು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರು. ಅದು ಮುಗಿಯುವ ತನಕ ಹನಿ ನೀರು ಕುಡಿಯುವುದಿಲ್ಲ, ಯಾರೊಡನೆಯೂ ಮಾತಿಲ್ಲ. ಕಮಲಾಪುರದ ಮನೆಯಲ್ಲಿ ಎಷ್ಟೇ ಜನರಿರಲಿ, ಆ ಬಾಗಿಲನ್ನು ಯಾರೂ ಬಡಿಯುವುದಿಲ್ಲ.

ಮಾಲಕ ತಾನೇ ಮುಂದಾಗಿ ನಡೆದ. "ನೋಡ್ರಿ ಅವ್ವಾರ, ದೇವರಿಗಂತ ಬ್ಯಾರೆ ಖೋಲಿನೇ ಮಾಡೀವಿ!" ಒಬ್ಬರು ಕಾಲು ಮಡಚಿ ಕೂತರೆ ಬಾಗಿಲು ಮುಚ್ಚಲಾಗದಷ್ಟು ಚಿಕ್ಕ ಖೋಲಿ ಅದು.

ಅತ್ತೆ ಇಣುಕಿ ನೋಡಿದರು. ಆಮೇಲೆ ಎರಡು ಮಲಗುವ ಖೋಲಿಗಳನ್ನೂ ನೋಡಿ ನನ್ನತ್ತ ತಿರುಗಿದರು. "ನಂದು ಯಾವದವ್ವಾ?"

ಮಾಲಕನೇ ಹಾಲಿನ ಮೂಲೆ ತೋರಿಸಿದ. ಮುಂಬಾಗಿಲಿಗೆ ನೇರ ಎದುರು. ಹಾಲು ಹಾಕುವವನು, ಪೇಪರಿನವನು, ಪಕ್ಕದ ಮನೆಯವರು, ಯಾರೇ ಬಂದರೂ ಮೊದಲು ಕಾಣುವುದು ಅದೇ ಜಾಗ.

ಅತ್ತೆ ಲಿಂಗವಿದ್ದಲ್ಲಿ ಸೆರಗಿನ ಮೇಲೆ ಕೈಯಿಟ್ಟುಕೊಂಡರು. "ಯಪ್ಪಾ, ನಮ್ಮ ದೇವರು ಕೊರಳಾಗ ಅದಾನ. ಅವಗ ಖೋಲಿ ಬ್ಯಾಡ. ನನಗ ಬೇಕು."

"ಅವ್ವಾರ ಭಾರೀ ಜೋರ್ ಅದಾರ ಬಿಡ್ರಿ" ಎಂದು ಆ ಭಂಡ ನಕ್ಕ. ಅತ್ತೆ ನನ್ನ ಭುಜ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತ, ಕಮಲಾಪುರದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು.