ಇಲಿಯ ಶ್ವಾಸಕೋಶ ಬೆಳಗಿದ ಬೆಳಿಗ್ಗೆ

ಬೆಳಗಿನ ಆರು ಗಂಟೆ. ದೆಬ್ರೆಟ್ಸೆನ್ ನಗರದ ಮೊದಲ ಟ್ರಾಮ್ ಇಳಿದು ಪ್ರಯೋಗಾಲಯಕ್ಕೆ ಬಂದ ಗಿಜೆಲ್ಲಾ ಬೋಡ್ನಾರ್, ಕೈಗವಸು ತೊಟ್ಟು ಎರಡು ಸಿರಿಂಜುಗಳನ್ನು ಪಂಪಿಗೆ ಸಿಕ್ಕಿಸುತ್ತಾರೆ. ಒಂದರಲ್ಲಿ ಆಲ್ಕೋಹಾಲಿನಲ್ಲಿ ಕರಗಿಸಿದ ನಾಲ್ಕು ಬಗೆಯ ಕೊಬ್ಬು. ಇನ್ನೊಂದರಲ್ಲಿ ಎಂಆರ್‌ಎನ್‌ಎ, ಅಂದರೆ ಯಾವ ಪ್ರೋಟೀನು ತಯಾರಿಸಬೇಕೆಂದು ಜೀವಕೋಶಕ್ಕೆ ಹೇಳುವ ಓಲೆ. ಎರಡೂ ಕೂಡಿದ ಕ್ಷಣ ಓಲೆಯ ಸುತ್ತ ಕೊಬ್ಬಿನ ಕಣ ಕಟ್ಟಿಕೊಳ್ಳುತ್ತದೆ. ಸಾವಿರ ಕಣ ಸಾಲಾಗಿಟ್ಟರೆ ಒಂದು ಕೂದಲಿನ ದಪ್ಪ.

ಐವತ್ತೆಂಟರ ಈಕೆ ಪ್ರಯೋಗಾಲಯದವರಿಗೆಲ್ಲ ಗಿಜಿ ಅತ್ತೆ. ಮೊದಲು ಡೇರಿಯಲ್ಲಿ ಹಾಲಿನ ಕೊಬ್ಬು ಅಳೆಯುತ್ತಿದ್ದರು. ಡೇರಿ ಮುಚ್ಚಿತು, ಇಲ್ಲಿಗೆ ಬಂದರು. ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಹನ್ನೆರಡು ಮಿಶ್ರಣ. ಓಲೆಯನ್ನು ಶ್ವಾಸಕೋಶಕ್ಕೆ ಮುಟ್ಟಿಸುವ ಕಣ ರೂಪಿಸಬೇಕೆಂಬುದು ತಂಡದ ಹಂಬಲ. ಆದರೆ ಇಲಿಗಳಿಗೆ ಚುಚ್ಚಿದ್ದೆಲ್ಲ ಹೋಗಿ ಸೇರುತ್ತಿದ್ದುದು ಲಿವರ್‌ಗೆ.

ಕಳೆದ ಮಾರ್ಚ್‌ನ ಒಂದು ಬೆಳಿಗ್ಗೆ ಅವರು ಕ್ಯಾಮೆರಾ ಪರದೆ ನೋಡುತ್ತಾರೆ. ಪ್ರಯೋಗದ ಓಲೆ ತಯಾರಿಸಲು ಹೇಳುವುದು ಹೊಳೆಯುವ ಪ್ರೋಟೀನನ್ನು, ಹಾಗಾಗಿ ಅದು ತಲುಪಿದ ಅಂಗ ಪರದೆಯಲ್ಲಿ ಮಿನುಗಬೇಕು. ಲಿವರ್ ಕತ್ತಲು. ಎದೆಯೊಳಗೆ ಎರಡೂ ಶ್ವಾಸಕೋಶಗಳು ಬೆಳಗುತ್ತಿವೆ.

"ಇಲೀನ ತಿರುಗಾಮುರುಗಾ ಮಲಗಿಸಿದ್ದೀನೇನೋ ಅಂದ್ಕೊಂಡೆ," ಎನ್ನುತ್ತಾರೆ.

ದಾಖಲೆ ಪುಸ್ತಕ ತೆರೆದಾಗ ಇನ್ನೂ ದೊಡ್ಡ ಆಘಾತ. ಒಂದು ಕೊಬ್ಬಿನ ಜಾಗದಲ್ಲಿ, ಅವರದೇ ಅಕ್ಷರದಲ್ಲಿ, ಪಕ್ಕದ ಬಾಟಲಿಯ ಸಂಖ್ಯೆ. ಬೇರೆಯದೇ ಕೊಬ್ಬು ಬೆರೆಸಿಬಿಟ್ಟಿದ್ದಾರೆ. ಹಿಂದಿನ ತಿಂಗಳಷ್ಟೇ ಇಂಥದೇ ತಪ್ಪಿಗೆ ಒಬ್ಬರ ಕೆಲಸ ಹೋಗಿತ್ತು. ಪುಟ ಹರಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗಿಜಿ ಅತ್ತೆ ಪುಸ್ತಕ ಹಿಡಿದು ನೇರ ಮುಖ್ಯಸ್ಥೆ ಎಮೆಶೆ ತರ್ಯಾನ್ ಅವರ ಕೋಣೆಗೆ ಹೋಗುತ್ತಾರೆ.

ಎಮೆಶೆ ಪುಟವನ್ನೂ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಮತ್ತೆ ಮತ್ತೆ ನೋಡುತ್ತಾರೆ. ಕೊನೆಗೆ ಹೇಳುತ್ತಾರೆ: "ಅತ್ತೆ, ಇದೇ ತಪ್ಪನ್ನ ಇನ್ನೊಂದ್ಸಲ ಮಾಡಿ. ಈ ಸಲ ಬೇಕಂತಲೇ."

ಆರು ಇಲಿಗಳಿಗೆ ಚುಚ್ಚುತ್ತಾರೆ. ಆರರಲ್ಲೂ ಶ್ವಾಸಕೋಶವೇ ಬೆಳಗುತ್ತದೆ.

ಬೇಸಿಗೆಯಲ್ಲಿ ಸಂಶೋಧನಾ ಪ್ರಬಂಧದ ಕರಡು ಓದಿದಾಗ ಗಿಜಿ ಅತ್ತೆಗೆ ಮತ್ತೆ ದಂಗುಬಡಿದಂತಾಗುತ್ತದೆ. 'ಶ್ವಾಸಕೋಶಕ್ಕೆಂದೇ ವಿನ್ಯಾಸಗೊಳಿಸಿದ ಕಣ' ಎಂದಿದೆ. ಪ್ರಬಂಧ ಬರೆಯುವುದೇ ಹೀಗೆ, ಇಲ್ಲದಿದ್ದರೆ ನಿಮ್ಮ ಹೆಸರೇ ಕೆಡುತ್ತದೆ ಎಂದು ಎಮೆಶೆ ತಿಳಿಹೇಳುತ್ತಾರೆ. ಇವರು ಒಪ್ಪುವುದಿಲ್ಲ. ವಾರವಿಡೀ ವಾದ ನಡೆಯುತ್ತದೆ. ಈಗ ಅಚ್ಚಾಗಿರುವ ಪ್ರಬಂಧದಲ್ಲಿ 'ಬಾಟಲಿ ಅದಲುಬದಲಾದ ತಪ್ಪಿನಿಂದ' ಎಂದೇ ಇದೆ, ಗಿಜಿ ಅತ್ತೆಯ ಹೆಸರೂ ಇದೆ.

ಅಂದು ಎಮೆಶೆಯವರನ್ನು ಏನು ಹೇಳಿ ಒಪ್ಪಿಸಿದಿರಿ ಎಂದು ಗಿಜಿ ಅತ್ತೆಯನ್ನು ಕೇಳಿದೆ. ಸಿರಿಂಜಿನಿಂದ ಕಣ್ಣು ತೆಗೆಯದೆ ಹೇಳಿದರು: "ನನ್ನ ಹೆಸರು ಹಾಕದಿದ್ರೂ ಸರಿ, ತಪ್ಪನ್ನ ತಪ್ಪು ಅಂತಲೇ ಬರೀರಿ ಅಂದೆ. ಇದನ್ನ ಓದಿದವರು ಯಾರೂ ನಾಳೆ ಹೆದರಿ ಪುಟ ಹರೀಬಾರದು."